ನೀರಿನ ಡ್ರಮ್ಮಿಗೆ ತಾಮ್ರದ ಬಳೆ

ಶಿಡ್ಲಘಟ್ಟದ ಆ ಬೀದಿಯ ನಲ್ಲಿಗಳಲ್ಲಿ ನೀರು ಬರುವುದು ಎಂಟು ದಿನಕ್ಕೊಮ್ಮೆ. ಹಾಗೆ ಬಂದು ಹೋದ ಮಾರನೆಯ ಬೆಳಿಗ್ಗೆಯೇ ಗಣೇಶ್ ಪ್ರಸಾದರು ಬಾಯಿಮಟ್ಟ ತುಂಬಿದ್ದ ನೀಲಿ ಡ್ರಮ್ಮಿನ ಸೊಂಟಕ್ಕೆ ತಾಮ್ರದ ಕೊಳವೆ ಸುತ್ತಿದರು. ಎರಡು ತುದಿಗಳ ನಡುವೆ ಹಳೇ ವಾಲ್ವ್ ರೇಡಿಯೋದಿಂದ ಕಿತ್ತ ಕಂಡೆನ್ಸರ್ ಇಟ್ಟು ಬೆಸುಗೆ ಹಾಕಿದರು. ಮೇಲಕ್ಕೆತ್ತಿದರು. ಬರಲಿಲ್ಲ. ಡ್ರಮ್ಮಿಗೆ ಮೇಲೊಂದು ಉಬ್ಬು, ಕೆಳಗೊಂದು ಉಬ್ಬು. ನಡುವಿನ ತಗ್ಗಿನಲ್ಲಿ ಕೊಳವೆ ಒಡ್ಯಾಣದಂತೆ ಕಚ್ಚಿಕೊಂಡು ಕೂತಿತ್ತು. (ಕೊಳವೆಯನ್ನು ದುಂಡಗೆ ಬಗ್ಗಿಸಲು ಮನೆಯಲ್ಲಿ ಅಷ್ಟು ದುಂಡಗಿನ ವಸ್ತು ಬೇರೆ ಇರಲಿಲ್ಲ, ಅವರ ಹೊಟ್ಟೆಯೊಂದನ್ನು ಬಿಟ್ಟರೆ.)

ಹೆಂಡತಿ ಕಲ್ಯಾಣಿ ಚೊಂಬು ಹಿಡಿದು ಬಂದವಳು ನಿಂತಳು.

"ಏನ್ರೀ ಇದು, ಡ್ರಮ್ಮಿಗೆ ಬಳೆ ತೊಡಿಸಿದ್ದೀರಿ. ಸೀಮಂತಾನಾ?"

"ಆಂಟೆನಾ ಕಣೇ."

"ಎಷ್ಟು ತಿಂಗಳಂತೆ?"

ಪ್ರಸಾದರಿಗೆ ಮೈ ಉರಿಯಿತು. ಅವರೇನು ಸಾಮಾನ್ಯರೇ? ಹವ್ಯಾಸಿ ರೇಡಿಯೋ ಪರೀಕ್ಷೆಯನ್ನು ಎರಡನೆಯ ಸಲಕ್ಕೇ ಗೆದ್ದು, ಭಾರತ ಸರ್ಕಾರದಿಂದ ಪರವಾನಗಿ ಪಡೆದ ಮನುಷ್ಯ. ಪರವಾನಗಿ ಕೊಟ್ಟದ್ದು ಸರ್ಕಾರವಾದರೂ ಮಹಡಿ ಮಾತ್ರ ಮನೆಯೊಡತಿ ಅಕ್ಕಯ್ಯಮ್ಮನದು. "ಕಂಬ ಗಿಂಬ ನೆಟ್ಟು ಸಿಡಿಲಿಗೆ ದಾರಿ ತೋರಿಸ್ಬೇಡ ನಾಯ್ನಾ" ಎಂದು ಆಕೆ ಮೆಟ್ಟಿಲ ಬಾಗಿಲಿಗೇ ಬೀಗ ಜಡಿದಿದ್ದಳು. ಕಂಬವಿಲ್ಲದವನಿಗೆ ಉಳಿದ ಗತಿ ಈ ಮ್ಯಾಗ್ನೆಟಿಕ್ ಲೂಪ್ ಒಂದೇ: ಕೋಣೆಯೊಳಗೇ ಕೂತು ಸಮುದ್ರ ದಾಟುವ ಬಳೆ.

"ಬೆಸುಗೆ ಬಿಚ್ಚಿ," ಅಂದಳು ಕಲ್ಯಾಣಿ.

"ಬಿಚ್ಚೋದಾ? ಬೆರಳು ಸುಟ್ಕೊಂಡು ಹಾಕಿರೋ ಬೆಸುಗೆ. ನೀರು ಖಾಲಿ ಮಾಡಿದ್ರೆ ಡ್ರಮ್ಮನ್ನ ಅದುಮಬಹುದು."

ಅಂತೂ ಎಂಟು ದಿನದ ನೀರು ಕುಕ್ಕರಿಗೆ, ಹಂಡೆಗೆ, ಬಾಣಲೆಗೆ, ಟಿಫಿನ್ ಕ್ಯಾರಿಯರಿನ ನಾಲ್ಕು ಡಬ್ಬಿಗೆ ವಲಸೆ ಹೋಯಿತು. ವಠಾರದ ತುಂಬ ಸಾಲಾಗಿ ಕೂತ ಪಾತ್ರೆಗಳನ್ನು ನೋಡಿ ಅಕ್ಕಯ್ಯಮ್ಮ, "ಏಮಿಟಪ್ಪಾ ಗಣೇಶಪ್ಪಾ, ಊಟಕ್ಕೆ ಎಷ್ಟು ಜನ?" ಎಂದು ಕೇಳಿದಳು. ಗಂಡಹೆಂಡಿರು ಎರಡು ಕಡೆಯಿಂದ ಅದುಮಿದಾಗ ಬಳೆ ಹೊರಬಂತು, ಪ್ರಸಾದರ ಮೊಣಕೈಯ ಒಂದಿಷ್ಟು ಚರ್ಮದೊಂದಿಗೆ.

"ಕೇಳಿ," ಅಂದಳು ಕಲ್ಯಾಣಿ, ಒದ್ದೆ ಸೆರಗು ಹಿಂಡುತ್ತ. "ಭಾನುವಾರ ಮಧ್ಯಾಹ್ನದೊಳಗೆ ಇದು ಪರದೇಶದೋರ ಹತ್ರ ಮಾತಾಡ್ಬೇಕು. ಇಲ್ದಿದ್ರೆ ಸೋಮವಾರ ಗುಜರಿಯೋನ ಹತ್ರ ನಾನು ಮಾತಾಡ್ತೀನಿ."

ಗಾಯಕ್ಕೆ ಉಪ್ಪು ಸವರಲು ಗೌರಿಬಿದನೂರಿನ ಚಲಪತಿ ಇದ್ದೇ ಇದ್ದ. ಅವನೂ ಹವ್ಯಾಸಿ, ಸ್ವಂತ ಮನೆ, ಸ್ವಂತ ಮಹಡಿ, ತೆಂಗಿನಮರದೆತ್ತರದ ಕಂಬ. "ಬಳೆ ಹಾಕ್ಕೊಂಡು ಕೂತ್ರೆ ನಿಮ್ಮ ದನಿ ನಂದಿವರೆಗೂ ಹೋಗಲ್ಲ ಸಾರ್" ಎಂದು ವಾಟ್ಸ್ಯಾಪ್ ಗುಂಪಿನಲ್ಲಿ ಬರೆದ. ಹದಿನೇಳು ಜನ ನಗುವ ಮುಖ ಒತ್ತಿದರು. ಪ್ರಸಾದರು ಒಬ್ಬೊಬ್ಬರ ಹೆಸರನ್ನೂ ಮನಸ್ಸಿನಲ್ಲಿ ಬರೆದಿಟ್ಟುಕೊಂಡರು. ಭಾನುವಾರ ಫೋನಿನಲ್ಲಿ ಸಾಕ್ಷಿಯಾಗಿ ಕೂರಲು ಚಲಪತಿಗೇ ಆಹ್ವಾನ ಹೋಯಿತು.

ಭಾನುವಾರ ಬೆಳಿಗ್ಗೆ ಬಳೆ ದಿವಾನದ ಜಾಗದಲ್ಲಿ ಮರದ ಸ್ಟೂಲ್ ಏರಿ ಪ್ರಭಾವಳಿಯಂತೆ ನಿಂತಿತು.

"ಕಾಂತವಲಯ ಅಂತಾರೆ ಇದನ್ನ," ಎಂದರು ಪ್ರಸಾದರು ಗಂಭೀರವಾಗಿ.

"ಹೌದು, ಕಾಂತನೊಬ್ಬನಿಗೇ ವಲಯ. ಕಾಂತೆಗೆ ಕೂರೋಕೆ ಜಾಗ ಇಲ್ಲ."

ಈ ಬಳೆಯ ಸ್ವಭಾವ ಸೂಕ್ಷ್ಮ. ಕಂಡೆನ್ಸರನ್ನು ಕೂದಲೆಳೆಯಷ್ಟು ಹೆಚ್ಚು ತಿರುಗಿಸಿದರೂ ಮುನಿಸು. ಕೈ ಹತ್ತಿರ ತಂದರೂ ಮುನಿಸು. (ಕಲ್ಯಾಣಿಯ ತವರಿನವಳೇ ಇರಬೇಕು, ಎಂದುಕೊಂಡರು ಪ್ರಸಾದರು. ಗಟ್ಟಿಯಾಗಿ ಅಲ್ಲ.) ಅದನ್ನು ದೂರದಿಂದ, ಒಣ ಮರದ ಕೋಲಿನಿಂದಲೇ ತಿರುಗಿಸಬೇಕು. ಅಡುಗೆಮನೆಯಿಂದ ಮುದ್ದೆ ಕೋಲು ಬಂತು. ರಬ್ಬರ್ ಕೊಳವೆಯಿಂದ ಕಂಡೆನ್ಸರಿನ ಕಡ್ಡಿಗೆ ಜೋಡಣೆಯಾಯಿತು. ಆದರೆ ಕೋಲು ಹಿಡಿದರೆ ಮೀಟರು ಕಾಣದು, ಮೀಟರು ನೋಡಿದರೆ ಕೋಲು ಎಟುಕದು.

"ಬಾರೇ, ಒಂದು ನಿಮಿಷ ತಿರುಗಿಸು."

"ಇವತ್ತು ಮುದ್ದೆ ಯಾವುದರಲ್ಲಿ ತಿರುವಲಿ?"

"ಇವತ್ತು ಅನ್ನ ಮಾಡು. ಮುಖ್ಯ ವಿಷಯ ಕೇಳು: ನಾನು ಮೈಕಿನ ಈ ಗುಂಡಿ ಒತ್ತಿದಾಗ ನೀನು ಮಾತಾಡಬಾರದು. ಪರವಾನಗಿ ಇರೋದು ನನಗೆ."

"ಪರವಾನಗಿ ಇಲ್ದೋರು ಕೋಲು ತಿರುಗಿಸಬಹುದಾ?"

"ಕೋಲಿನ ವಿಷಯ ಕಾನೂನಿನಲ್ಲಿ ಇಲ್ಲ."

ಕಲ್ಯಾಣಿ ಗಂಟು ಕಟ್ಟದಂತೆ ಹಿಟ್ಟು ತಿರುವುವ ಹದದಲ್ಲಿ ಕೋಲನ್ನು ಒಂದು ಗುಲಗಂಜಿಯಷ್ಟು ಸರಿಸಿದಳು. ಅರ್ಧ ಗಂಟೆಯಿಂದ ಪ್ರಸಾದರನ್ನು ಕುಣಿಸುತ್ತಿದ್ದ ಮೀಟರಿನ ಮುಳ್ಳು ಸೊನ್ನೆಗೆ ಬಿದ್ದು ಮಲಗಿತು, ಅಂದರೆ ಬಳೆ ಸರಿಯಾದ ಹದಕ್ಕೆ ಬಂತು. ಇದನ್ನೂ ಅವರಿಗೆ ಸಹಿಸಲಾಗಲಿಲ್ಲ. ಪಾಠ ಓದಿದವರು ಯಾರು, ಪಾಸಾದವರು ಯಾರು?

ಗುಂಡಿ ಒತ್ತಿ, ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ್ದ ಮೆಲುದನಿಯ ಇಂಗ್ಲಿಷಿನಲ್ಲಿ, ಕೇಳುತ್ತಿರುವ ಯಾರಾದರೂ ಉತ್ತರಿಸಿ ಎಂದು ಕರೆದರು.

"ಸಾಕಾ? ಇನ್ನೊಂಚೂರು ತಿರುಗಿಸಲಾ?" ಎಂದಳು ಕಲ್ಯಾಣಿ.

ಪ್ರಸಾದರು ಗುಂಡಿ ಬಿಡದೆ ಕಣ್ಣು ಕೆಕ್ಕರಿಸಿದರು.

"ಕಣ್ಣು ಬಿಟ್ರೆ ನನಗೇನು ಗೊತ್ತಾಗುತ್ತೆ? ಎಡಕ್ಕಾ, ಬಲಕ್ಕಾ? ಒಲೆ ಮೇಲೆ ಸಾರಿದೆ, ಬೇಗ ಹೇಳಿ."

ಗುಂಡಿ ಬಿಟ್ಟರು. ಬಯ್ಯಲು ಬಾಯಿ ತೆರೆದರು. ಅಷ್ಟರಲ್ಲಿ ರೇಡಿಯೋ ಪೆಟ್ಟಿಗೆಯ ಕರಕರ ಸದ್ದಿನೊಳಗಿಂದ ನಿಧಾನವಾದ ಇಂಗ್ಲಿಷ್ ತೇಲಿ ಬಂತು: "ಭಾರತದ ಸ್ಟೇಷನ್, ಭಾರತದ ಸ್ಟೇಷನ್, ಇದು ಜಪಾನ್. ಮತ್ತೊಮ್ಮೆ ಕರೆಯಿರಿ."

ಜಪಾನ್! ಪ್ರಸಾದರ ಕಣ್ಣು ತುಂಬಿತು. ಫೋನಿನಲ್ಲಿ ಚಲಪತಿ ಉಸಿರು ಬಿಗಿಹಿಡಿದದ್ದು ಇಲ್ಲಿಗೂ ಕೇಳಿಸಿತು. ಕಲ್ಯಾಣಿ ಕೂಡ ಕೋಲು ಹಿಡಿದ ಕೈಯನ್ನು ಅಲುಗಿಸದೆ, "ನಿಜವಾಗ್ಲೂ ಜಪಾನೇನ್ರೀ?" ಎಂದಳು. ಆ ದನಿಯಲ್ಲಿ ಗುಜರಿಯ ವಾಸನೆ ಇರಲಿಲ್ಲ. ಪ್ರಸಾದರು ಪೆಟ್ಟಿಗೆಯ ದನಿಯನ್ನು ಪೂರ್ತಿ ಏರಿಸಿ ಫೋನನ್ನು ಅದರ ಬಾಯಿಗೆ ಹಿಡಿದರು. ಎದೆ ಉಬ್ಬಿಸಿ ಹೆಸರು, ಊರು, ಸಂಕೇತ ಎಲ್ಲ ಹೇಳಿ ("ಸಾರು ಉಕ್ತಿದೆ ಕಣ್ರೀ, ಬಿಡಲಾ ಕೋಲು?" ಎಂದು ಕಲ್ಯಾಣಿ ನಡುವೆ ಕೂಗಿದ್ದನ್ನು ಲೆಕ್ಕಿಸದೆ) ಚಲಪತಿಗೂ ಹದಿನೇಳು ಜನಕ್ಕೂ ಕೇಳಿಸಬೇಕಾದ ಆ ಒಂದು ಪ್ರಶ್ನೆ ಕೇಳಿದರು:

"ನನ್ನ ದನಿ ನಿಮಗೆ ಹೇಗೆ ಕೇಳಿಸುತ್ತಿದೆ?"

ಪೆಟ್ಟಿಗೆ ಸ್ವಲ್ಪ ಹೊತ್ತು ಕರಕರ ಎಂದಿತು. ಆಮೇಲೆ ಜಪಾನಿನವನು ಬಹಳ ವಿನಯದಿಂದ ಉತ್ತರಿಸಿದ:

"ಭಾರತದ ಮಹಿಳೆಯೊಬ್ಬರು ಅತ್ಯಂತ ಸ್ಪಷ್ಟವಾಗಿ ಕೇಳಿಸುತ್ತಿದ್ದಾರೆ. ಅವರಿಗೆ ನಡುನಡುವೆ ಯಾರೋ ಗೊಣಗುತ್ತ ಅಡ್ಡ ಬರುತ್ತಿದ್ದಾರೆ. ಅದು ನೀವೇ ಆದರೆ, ದಯವಿಟ್ಟು ಸ್ವಲ್ಪ ಪಕ್ಕಕ್ಕೆ ಹೋಗಿ."