ಹೋದ ಹಾಗೆ, ಬಂದ ಹಾಗೆ

ದಾರಿ ಹುಡುಕಿಕೊಡುವುದೇ ನನ್ನ ಹೊಟ್ಟೆಪಾಡು. ಆದರೂ ದಾರಿ ತಪ್ಪುವ ಪ್ರಸಂಗಗಳೆಲ್ಲ ನನ್ನ ಮನೆಗೇ ಬಂದು ಬಾಗಿಲು ತಟ್ಟುತ್ತವೆ. ಅವಕ್ಕೆ ಮಾತ್ರ ನನ್ನ ವಿಳಾಸ ಯಾವತ್ತೂ ತಪ್ಪುವುದಿಲ್ಲ.

ಸಂಬಳದ ಪ್ರಶ್ನೆ

ನಾನು ದಾವಣಗೆರೆಯವನು, ಕೆಲಸ ವಿಶಾಖಪಟ್ಟಣದ ಮಧುರವಾಡದಲ್ಲಿ. ಹೆಂಡತಿಯ ತವರು ವಿಜಯವಾಡದ ಭವಾನಿಪುರಂ. ಮಾವ ತೆಲುಗಿನವರು, ಅತ್ತೆ ಬಳ್ಳಾರಿಯವರು. ಮದುವೆಯಾದ ಹೊಸತರಲ್ಲಿ ಅತ್ತೆ ಕೇಳಿದರು, "ಅಳಿಯಂದಿರೇ, ಆಫೀಸಿನಾಗ ನೀವು ಮಾಡೋ ಕೆಲ್ಸ ಏನ್ರೀ?"

"ಕ್ಲೌಡ್ ಅಂತ ಇದೆ ಅತ್ತೆ. ಅಂದ್ರೆ ಎಲ್ಲೋ ದೂರದಲ್ಲಿ ಬಾಡಿಗೆಗೆ ಹಿಡಿದ ಕಂಪ್ಯೂಟರ್‌ಗಳು. ಒಂದರಿಂದ ಇನ್ನೊಂದಕ್ಕೆ ಮಾಹಿತಿಯ ಪ್ಯಾಕೆಟ್ ಹೋಗೋಕೆ ದಾರಿ ಇದೆಯಾ ಅಂತ ಟೆಸ್ಟ್ ಮಾಡ್ತೀನಿ."

"ಪ್ಯಾಕೆಟ್ ಕಳ್ಸಿ ನೋಡ್ತೀರೇನು?"

"ಕಳಿಸಲ್ಲ. ಕಳಿಸಿದ್ರೆ ಹೇಗೆ ಹೋಗ್ತಿತ್ತು ಅಂತ ಟೆಸ್ಟೇ ಹೇಳುತ್ತೆ. ದಾರಿ ಇದ್ರೆ ಹಸಿರು, ಅಡ್ಡಿ ಇದ್ರೆ ಕೆಂಪು."

"ಅಂದ್ರ, ಕಳ್ಸಿದಂಗ."

"ಹೌದು."

"ಇದಕ್ಕ ಸಂಬಳ ಕೊಡ್ತಾರೇನು?"

"ಕೊಡ್ತಾರೆ ಅತ್ತೆ."

"ಕೊಡ್ತಾರೋ, ಕೊಟ್ಟಂಗ ಮಾಡ್ತಾರೋ?"

ಹಸಿರೋ ಹಸಿರು

ಅತ್ತೆಯ ಆ ಮಾತು ನನ್ನ ಸಂಸಾರಕ್ಕೂ ಅಂಟಿಕೊಂಡಿತು. ಹಬ್ಬಕ್ಕೆ ತವರಿಗೆ ಕರೆದುಕೊಂಡು ಹೋಗುತ್ತೇನೆಂದು ಟಿಕೆಟ್ ತೆಗೆಸುವುದು, ಆಫೀಸಿನಲ್ಲಿ ಏನೋ ಕೆಂಪಾಯಿತೆಂದು ಕ್ಯಾನ್ಸಲ್ ಮಾಡುವುದು, ಇದೇ ನನ್ನ ಕಥೆ. ಈ ದಸರೆಗೂ ಹಾಗೇ ಆದಾಗ ಹೆಂಡತಿ ಬ್ಯಾಗ್ ಎತ್ತಿಕೊಂಡಳು.

"ಏಮಂಡಿ, ನೀವೂ ನಿಮ್ಮ ಟೆಸ್ಟ್ ಥರಾನೇ. ಬರೋದಿಲ್ಲ, ಬಂದ ಹಾಗೆ ಅಷ್ಟೇ. ಇನ್ನು ನೀವಾಗಿ ಬಂದು ಕರೆದ್ರೆ ಮಾತ್ರ ನಾನು ವಾಪಸ್ ಬರೋದು!"

ಮನೆ ಬಿಕೋ ಎನ್ನುತ್ತಿತ್ತು. ಅಳುವೂ ಬಂತು, ಸುಳ್ಳು ಯಾಕೆ ಹೇಳಲಿ. ಅದೇ ಮೂಡಿನಲ್ಲಿ ಮರುದಿನ ಮ್ಯಾನೇಜರ್ ಮೇಡಂ ಎದುರು ಟೆಸ್ಟ್ ಓಡಿಸಿದೆ. ಹಸಿರೋ ಹಸಿರು! ನಡುವೆ ಒಂದು ಅಡ್ಡಿಯಿಲ್ಲ, ತಿರುವಿಲ್ಲ.

"ಇಷ್ಟು ಸಲೀಸಾದ ದಾರಿ ನಾನು ನೋಡೇ ಇಲ್ಲ ಮೇಡಂ" ಎಂದು ಕೊಚ್ಚಿಕೊಂಡೆ.

ಮೇಡಂ ಬಗ್ಗಿ ನೋಡಿದರು. "ಹೊರಡೋ ಕಂಪ್ಯೂಟರ್, ತಲುಪೋ ಕಂಪ್ಯೂಟರ್ ಎರಡೂ ಒಂದೇ ಹಾಕಿದ್ದೀರಲ್ಲ! ಶನಿವಾರ ಗನ್ನವರಂನಲ್ಲಿ ಕೆಲಸ ಇದೆ, ನೀವೇ ಹೋಗಿ ಬನ್ನಿ. ಹೊರಟ ಜಾಗದಲ್ಲೇ ಇಳಿಯಬೇಡಿ, ಅಷ್ಟೇ."

ಶಟರ್

ಗನ್ನವರಂ ಎಂದ ಕೂಡಲೇ ನನಗೆ ಒಳಗೊಳಗೇ ಕುಣಿತ. ಅದು ವಿಜಯವಾಡದ ಈ ಮಗ್ಗುಲು, ಭವಾನಿಪುರಂ ಆ ತುದಿ, ಅಷ್ಟೇ. ಕೆಲಸ ಮುಗಿಸಿ, ಹೇಳದೆ ಕೇಳದೆ ಹೆಂಡತಿಯ ಮುಂದೆ ಹೋಗಿ ನಿಂತರೆ ಮುನಿಸೆಲ್ಲ ಮಾಯ!

ಕೆಲಸ ಇದ್ದದ್ದು ಒಬ್ಬ ಉಪ್ಪಿನಕಾಯಿ ವ್ಯಾಪಾರಿಯ ಗೋಡೌನಿನಲ್ಲಿ. ಅವರ ವ್ಯವಹಾರವನ್ನೆಲ್ಲ ಕ್ಲೌಡಿಗೆ ಹಾಕಿದ್ದೆವು. ಅವರು ಬಟನ್ ಒತ್ತಿದರು. ಪರದೆ ಖಾಲಿ. ನಾನು ಟೆಸ್ಟ್ ಓಡಿಸಿದೆ. ಹಸಿರು. ಮತ್ತೆ ಒತ್ತಿದರು. ಮತ್ತೆ ಖಾಲಿ. "ದಾರಿ ಸರಿಯಾಗಿದೆ ಅಂಡಿ, ಟೆಸ್ಟ್ ಸುಳ್ಳು ಹೇಳಲ್ಲ" ಎಂದು ಪಾಠ ಬೇರೆ ಮಾಡಿದೆ. ಕೊನೆಗೆ ನೋಡಿದರೆ, ಆ ಕಡೆಯ ಕಂಪ್ಯೂಟರಿನಲ್ಲಿ ಸಾಫ್ಟ್‌ವೇರನ್ನೇ ನಾನು ಶುರು ಮಾಡಿರಲಿಲ್ಲ. ಟೆಸ್ಟ್ ದಾರಿಯನ್ನಷ್ಟೇ ನೋಡುತ್ತದೆ. ಆ ತುದಿಯಲ್ಲಿ ಬಾಗಿಲು ತೆಗೆಯುವವರು ಇದ್ದಾರೋ ಇಲ್ಲವೋ ಅದಕ್ಕೆ ಬೇಕಿಲ್ಲ.

ವ್ಯಾಪಾರಿ ಬಲು ಮರ್ಯಾದೆಯಿಂದ ತೆಲುಗಿನಲ್ಲಿ ಹೇಳಿದರು, "ಇಂಜಿನಿಯರ್ ಗಾರೂ, ಲಾರಿ ಬರೋ ರಸ್ತೆ ಚೆನ್ನಾಗಿದೆ ಅಂತ ಬೆಳಗ್ಗೆಯಿಂದ ಹೇಳ್ತಿದ್ದೀರಿ. ಸ್ವಲ್ಪ ಗೋಡೌನ್ ಶಟರ್ ಕೂಡ ಎತ್ತಿದ್ದರೆ ಉಪಕಾರ ಆಗ್ತಿತ್ತು."

ಬೀಗ

ಇಷ್ಟು ಉಗಿಸಿಕೊಂಡ ಮೇಲಾದರೂ ಬುದ್ಧಿ ಬರಬೇಕಲ್ಲ? ಮಧ್ಯಾಹ್ನಕ್ಕೇ ಎಲ್ಲ ಮರೆತೆ. ಬಸ್ ಇದೆಯೇ? ಇದೆ. ಆಟೋ? ಸಿಕ್ಕಿತು. ಟ್ರಾಫಿಕ್? ಇಲ್ಲ. ಹೆಂಡತಿಗೆ ಮಲ್ಲಿಗೆ, ಅತ್ತೆಗೆ ಪೂತರೇಕುಲು ಸಿಹಿ. ಎಲ್ಲ ಹಸಿರು! ಆಟೋ ಇಳಿದು, ತಲೆ ಬಾಚಿಕೊಂಡು, ಮೆಟ್ಟಿಲು ಹತ್ತಿದೆ.

ಬಾಗಿಲಿಗೆ ಬೀಗ.

ಬೆಲ್ ಒತ್ತಿದೆ. ಬೀಗ ಹಾಕಿದ ಬಾಗಿಲಿಗೆ ಬೆಲ್ ಒತ್ತುವ ಗಂಡಸು ನಾನೊಬ್ಬನೇ ಇರಬೇಕು. ಆಮೇಲೆ ಫೋನ್ ಮಾಡುವ ಬುದ್ಧಿ ಬಂತು.

"ಎಲ್ಲಿದ್ದೀಯೇ?"

"ಮಧುರವಾಡದಲ್ಲಿ, ನಮ್ಮ ಮನೆ ಮೆಟ್ಟಿಲ ಮೇಲೆ" ಎಂದಳು ಹೆಂಡತಿ. "ನೀವಂತೂ ಬರೋ ಪೈಕಿ ಅಲ್ಲ ಅಂತ ಅಮ್ಮ ಅಪ್ಪ ಇಬ್ಬರೂ ನನ್ನನ್ನ ಇಲ್ಲಿ ಬಿಟ್ಟು ಹೋಗೋಕೆ ಬಂದಿದ್ದಾರೆ. ಸರ್‌ಪ್ರೈಸ್ ಇರ್ಲಿ ಅಂತ ಹೇಳಲಿಲ್ಲ. ಬೀಗದ ಕೈ ಅವತ್ತು ಸಿಟ್ಟಲ್ಲಿ ಒಳಗೇ ಎಸೆದು ಬಂದಿದ್ದೆ. ನೀವೆಲ್ಲಿ ಹಾಳಾಗಿ ಹೋಗಿದ್ದೀರಿ?"

"ನಿಮ್ಮಮ್ಮನ ಮನೆ ಬಾಗಿಲಲ್ಲಿ. ನಿನ್ನ ಕರೆದುಕೊಂಡು ಹೋಗೋಕೆ ಬಂದೆ."

ಅವಳು ಮೆತ್ತಗೆ ಕೇಳಿದಳು, "ನಿಜವಾಗ್ಲೂ ಬಂದ್ರಾ?"

"ನಿಜವಾಗ್ಲೂ ಕಣೇ. ಬೀಗದ ಫೋಟೋ ಕಳಿಸ್ಲಾ?"

ಅವಳು ನಕ್ಕಳು. ಅಬ್ಬಾ, ಎಷ್ಟು ದಿನವಾಗಿತ್ತು ಆ ನಗು ಕೇಳಿ! ಅಷ್ಟರಲ್ಲಿ ಅತ್ತೆ ಫೋನ್ ಕಸಿದುಕೊಂಡರು.

"ಅಳಿಯಂದಿರೇ, ದಾರಿ ನಾವು ಈಗ ತಾನೇ ನೋಡ್ಕೊಂಡು ಬಂದೀವಿ. ಎಲ್ಲೂ ಅಡ್ಡಿ ಇಲ್ಲ, ಪೂರಾ ಹಸಿರು. ಕೀಲಿಕೈ ತಗೊಂಡು ಲಗೂನ ಬರ್ರಿ. ಬಂದಂಗ ಮಾಡಬ್ಯಾಡ್ರಿ!"