ಪಾಠ ಮಾಡೋಕೆ ಪುರುಸೊತ್ತಿಲ್ಲದ ಸ್ಕೂಲು

"ಈಯಮ್ಮ ಮೂರು ತಿಂಗಳು ನಿಂತ್ರೆ ಹೆಚ್ಚು."

ಚಾಮರಾಜಪೇಟೆಯ ಆ ಪ್ರೈಮರಿ ಸ್ಕೂಲಿಗೆ ನಾನು ಕೆಲಸಕ್ಕೆ ಸೇರಿದ ದಿನ ಹೆಡ್ ಮೇಡಂ ಆಡಿದ ಮಾತಿದು. ನನಗೆ ಹೇಳಲಿಲ್ಲ. ನಾನು ಎದುರಿಗೇ ನಿಂತಿರುವಾಗ ಪಕ್ಕದಲ್ಲಿದ್ದ ಮೇಷ್ಟ್ರಿಗೆ ಹೇಳಿದರು. ಅವರಿಗೆ ಹಾಗನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ನಾನು ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟು ಊದುಬತ್ತಿ ಹೊಸೆಯಲು ಕೂತವಳು. ದಿನಸಿ ಅಂಗಡಿಯವನು ಬೇಳೆ ಬೆಲ್ಲ ಕಟ್ಟಿಕೊಡುತ್ತಿದ್ದ ಕಾಗದಗಳನ್ನು ಬಿಚ್ಚಿ, ಮಡಿಕೆ ಸವರಿ, ಅದರಲ್ಲಿದ್ದದ್ದನ್ನು ಓದಿಯೇ ಓದಿನ ಚಟ ಹತ್ತಿಸಿಕೊಂಡವಳು. ಹಾಗೆ ಓದಿದ ಕಥೆಗಳಲ್ಲಿ ಅರ್ಧಕ್ಕರ್ಧದ ಕೊನೆ ನನಗೆ ಇವತ್ತಿಗೂ ಗೊತ್ತಿಲ್ಲ. ಆ ಹುಡುಗಿಯ ಮದುವೆ ಆಯಿತೋ ಮುರಿಯಿತೋ, ಕೊನೆಯ ಪುಟದಲ್ಲಿ ಇನ್ಯಾರ ಮನೆಗೋ ಕಡಲೆಬೇಳೆ ಹೋಗಿರುತ್ತಿತ್ತು.

ಆಮೇಲೆ ಮನೆಯಲ್ಲೇ ಓದಿಕೊಂಡು ಎಸ್ಸೆಸ್ಸೆಲ್ಸಿ ಕಟ್ಟಿ, ಟ್ರೈನಿಂಗ್ ಮುಗಿಸುವಷ್ಟರಲ್ಲಿ ಮೂವತ್ತು ದಾಟಿತ್ತು. ಸಿಕ್ಕಿದ್ದು ಟೆಂಪರರಿ ಕೆಲಸ. ವರ್ಷದ ಕೊನೆಗೆ ಇನ್‌ಸ್ಪೆಕ್ಟರ್ ಬಂದು ನನ್ನ ಪಾಠ ನೋಡಿ, ಚೆನ್ನಾಗಿದೆ ಎಂದು ಬರೆದರೆ ಕೆಲಸ ಕಾಯಂ. ಇಲ್ಲದಿದ್ದರೆ ಮತ್ತೆ ಊದುಬತ್ತಿ.

ಪಾಠ ಒಂದನ್ನು ಚೆನ್ನಾಗಿ ಮಾಡಿದರೆ ಸಾಕಲ್ಲ ಅಂದುಕೊಂಡಿದ್ದೆ. ಆ ಸ್ಕೂಲಿನಲ್ಲಿ ಪಾಠ ಬಿಟ್ಟು ಮಿಕ್ಕಿದ್ದೆಲ್ಲ ನಡೆಯುತ್ತಿತ್ತು. ಒಂದು ಮುಗಿಯಿತು ಅಂತ ಕೂತರೆ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತಿತ್ತು. ಇದ್ದವರು ನಾವು ನಾಲ್ಕೇ ಜನ: ಹೆಡ್ ಮೇಡಂ, ಹೊಲಿಗೆ ಟೀಚರ್, ಲೆಕ್ಕದ ಮೇಷ್ಟ್ರು, ನಾನು. ಮೇಷ್ಟ್ರು ಐದನೇ ಕ್ಲಾಸಿಗೆ ಎಲ್ಲ ಪಾಠವನ್ನೂ ಮಾಡುತ್ತಿದ್ದರು. ಲೆಕ್ಕದ ಮೇಲಿನ ಹುಚ್ಚಿಗೆ ಆ ಹೆಸರು ಬಂದಿತ್ತು. ಆ ಹುಚ್ಚು ಎಷ್ಟಿತ್ತು ಅಂತ ಜುಲೈ ತಿಂಗಳಲ್ಲೇ ಗೊತ್ತಾಯಿತು.

ತ್ರೈರಾಶಿ

ಮಧ್ಯಾಹ್ನ ಮಕ್ಕಳಿಗೆ ಸರ್ಕಾರ ಕೊಟ್ಟ ರವೆಯಲ್ಲಿ ಉಪ್ಪಿಟ್ಟು ಮಾಡಿ ಹಾಕಬೇಕಿತ್ತು. ಅದನ್ನು ಮಾಡುತ್ತಿದ್ದ ಅಜ್ಜಿ, ಮಗಳ ಬಾಣಂತನಕ್ಕೆ ಅಂತ ಒಂದು ದಿನ ಓಕಳಿಪುರಂಗೆ ಹೊರಟೇಬಿಟ್ಟರು.

"ಅಡುಗೆ ಬರೋರು ಯಾರಾದ್ರೂ ಮಾಡ್ಲಿ" ಅಂದರು ಹೆಡ್ ಮೇಡಂ.

"ನಂಗೆ ಬರಲ್ಲ" ಅಂದೆ ನಾನು.

"ನಂಗೂ ಬರಲ್ಲ" ಅಂದರು ಹೊಲಿಗೆ ಟೀಚರ್. ನಾಲ್ಕು ಮಕ್ಕಳ ತಾಯಿ ಆಕೆ.

ನಾವಿಬ್ಬರೂ ಮೇಡಂ ಮುಖ ನೋಡಿದೆವು. ಅವರು ಕಿಟಕಿಯ ಕಡೆ ತಿರುಗಿ, "ನಮ್ಮನೇಲಿ ಅತ್ತೇನೇ ಮಾಡೋದು" ಅಂದರು. ಅವರ ಅತ್ತೆ ತೀರಿಹೋಗಿ ಆರು ವರ್ಷವಾಗಿತ್ತು.

ಲೆಕ್ಕದ ಮೇಷ್ಟ್ರು ಎದ್ದು ನಿಂತರು. "ಇದ್ರಲ್ಲೇನಮ್ಮ ಇದೆ? ತ್ರೈರಾಶಿ! ನಮ್ಮನೇಲಿ ನಾಲ್ಕು ಜನಕ್ಕೆ ಒಂದು ಪಾವು ರವೆ, ಮೂರು ಪಾವು ನೀರು. ನೂರಿಪ್ಪತ್ತು ಮಕ್ಕಳಿಗೆ ಮೂವತ್ತರಷ್ಟು. ಮುಗೀತು."

ನಿಜಕ್ಕೂ ಮುಗಿಯಿತು ಅಂದುಕೊಂಡು ನಾವು ಕ್ಲಾಸಿಗೆ ಹೋದೆವು. ಒಂಬತ್ತು ಗಂಟೆಗೆ ಒಲೆ ಹೊತ್ತಿತು. ಹನ್ನೊಂದಾಯಿತು, ಹನ್ನೆರಡಾಯಿತು, ಒಂದು ಗಂಟೆಯೂ ಆಯಿತು. ಮಕ್ಕಳು ತಟ್ಟೆ ಬಡಿಯತೊಡಗಿದರು. ಹೋಗಿ ನೋಡಿದರೆ ಮೇಷ್ಟ್ರು ಪಂಚೆ ಎತ್ತಿಕಟ್ಟಿ, ಬೆವರು ಸುರಿಸುತ್ತಾ ಇನ್ನೂ ತಿರುವುತ್ತಲೇ ಇದ್ದಾರೆ.

"ಮೇಷ್ಟ್ರೇ, ಇನ್ನೂ ಆಗ್ಲಿಲ್ವಾ?"

"ಎಲ್ಲಾಯ್ತಮ್ಮ! ನಾಲ್ಕು ಜನಕ್ಕೆ ಇಪ್ಪತ್ತು ನಿಮಿಷ ಬೇಯಿಸ್ತೀವಿ. ಇದು ಮೂವತ್ತರಷ್ಟು. ಸಂಜೆ ಏಳು ಗಂಟೆಗೆ ಆಗುತ್ತೆ, ಲೆಕ್ಕ ಹಾಕಿದೀನಿ."

ಪಾತ್ರೆಯನ್ನು ನಾವು ಮೂವರು ಹೆಂಗಸರು ಸೇರಿ ಇಳಿಸಿದೆವು. ಮಕ್ಕಳಿಗೆ ಬಾಳೆಹಣ್ಣು ತರಿಸಿಕೊಟ್ಟದ್ದಾಯಿತು. ಗೋಂದಿನಂತಾಗಿದ್ದ ಉಪ್ಪಿಟ್ಟನ್ನು ಏನು ಮಾಡೋಣ ಅಂತ ಯೋಚಿಸಿ, ಬಹಳ ದಿನದಿಂದ ಸುತ್ತಿಟ್ಟಿದ್ದ ಭಾರತದ ನಕ್ಷೆಯನ್ನು ಅದರಲ್ಲೇ ಗೋಡೆಗೆ ಅಂಟಿಸಿದೆವು. ಆಮೇಲೆ ಎರಡು ಸಲ ಗೋಡೆಗೆ ಸುಣ್ಣ ಬಳಿದರು. ಎರಡು ಸಲವೂ ನಕ್ಷೆಯ ಸುತ್ತ ಬಳಿಯಬೇಕಾಯಿತು.

ಇಪ್ಪತ್ತನೇ ರಿಜಿಸ್ಟರು

ಹಾಜರಿಗೊಂದು ರಿಜಿಸ್ಟರು, ರವೆಗೊಂದು, ಎಣ್ಣೆಗೊಂದು, ಸೀಮೆಸುಣ್ಣಕ್ಕೊಂದು. ರವೆ ಖಾಲಿಯಾದ ಮೇಲೆ ಉಳಿಯುವ ಗೋಣಿಚೀಲಕ್ಕೂ ಒಂದಿತ್ತು. ಇಲಿ ಕಡಿದ ಗೋಣಿಚೀಲವನ್ನು ಬೇರೆ ಪುಟದಲ್ಲಿ ಬರೆಯಬೇಕು. ಒಟ್ಟು ಹತ್ತೊಂಬತ್ತು.

ಒಂದು ಶನಿವಾರ ಸ್ಕೂಲು ಬಿಟ್ಟ ಮೇಲೆ ಹೊಲಿಗೆ ಟೀಚರ್ ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟರು. ಹಾಜರಿ ರಿಜಿಸ್ಟರಿನಲ್ಲಿ ಅಡ್ಡ ಕೂಡಿದ ಮೊತ್ತಕ್ಕೂ ಉದ್ದ ಕೂಡಿದ ಮೊತ್ತಕ್ಕೂ ತಾಳೆಯಾಗಿರಲಿಲ್ಲ. ಒಂದು ಮಗು ಎಲ್ಲೋ ತಪ್ಪಿಸಿಕೊಂಡಿತ್ತು. ನಾನು ಬೆನ್ನು ಸವರಿದೆ. ಮೇಷ್ಟ್ರು ಕೈಯಲ್ಲಿ ಕಾಫಿ ಹಿಡಿದು ನಿಂತರು. ಹೆಡ್ ಮೇಡಂ ಒಳಗೆ ಬಂದು ಬೈಯುತ್ತಾರೆ ಅಂದುಕೊಂಡರೆ, ಅವರೂ ಕುರ್ಚಿ ಎಳೆದು ಕೂತು, "ಅಳೋದಾದ್ರೆ ಎಲ್ರೂ ಒಟ್ಗೆ ಅತ್ಬಿಡೋಣ ಕಣ್ರೀ. ಸೋಮವಾರ ಪುರುಸೊತ್ತಿರಲ್ಲ" ಅಂದರು.

ಅವತ್ತೇ ಕೂತು ಮೇಲಿನ ಕಚೇರಿಗೆ ಅರ್ಜಿ ಬರೆದೆವು. ನಾನೇ ಬರೆದದ್ದು. ದಿನಸಿ ಕಾಗದದಲ್ಲಿ ಓದಿದ ಒಳ್ಳೊಳ್ಳೆಯ ಮಾತುಗಳನ್ನೆಲ್ಲ ಸೇರಿಸಿದ್ದೆ. ರಿಜಿಸ್ಟರುಗಳ ಭಾರದಿಂದ ವಿದ್ಯಾದಾನಕ್ಕೆ ಅಡ್ಡಿಯಾಗುತ್ತಿದೆ, ದಯಮಾಡಿ ಕಡಿಮೆ ಮಾಡಬೇಕು ಅಂತ.

ತಿಂಗಳಾದ ಮೇಲೆ ಉತ್ತರ ಬಂತು. ಹೆಡ್ ಮೇಡಂ ಗಟ್ಟಿಯಾಗಿ ಓದಿದರು. "ತಮ್ಮ ಮನವಿಯನ್ನು ಪರಿಶೀಲಿಸುವ ಸಲುವಾಗಿ, ಶಾಲೆಯಲ್ಲಿರುವ ಎಲ್ಲ ರಿಜಿಸ್ಟರುಗಳ ವಿವರಗಳನ್ನು ಪ್ರತಿ ತಿಂಗಳೂ ಪ್ರತ್ಯೇಕ ರಿಜಿಸ್ಟರೊಂದರಲ್ಲಿ ದಾಖಲಿಸತಕ್ಕದ್ದು."

ಮೇಷ್ಟ್ರು ಕೇಳಿದರು: "ಆ ರಿಜಿಸ್ಟರ್‌ನ ವಿವರಾನೂ ಅದ್ರಲ್ಲೇ ಬರೀಬೇಕಾ, ಅಥವಾ ಅದಕ್ಕೆ ಇನ್ನೊಂದು ಅರ್ಜಿ ಹಾಕೋಣ್ವಾ?"

ಹದಿಮೂರು ಲೋಟ ಕಾಫಿ

ಮೇಲಿನವರು ನಮ್ಮನ್ನು ಉಳಿಸುವುದಿಲ್ಲ ಅಂತ ಖಾತ್ರಿಯಾದ ಮೇಲೆ ನಾವೇ ಒಂದು ಏರ್ಪಾಡು ಮಾಡಿಕೊಂಡೆವು. ಕೂಡಿಸುವ ಕಳೆಯುವ ಕೆಲಸ ನಾಲ್ಕು ಜನರದ್ದೂ ಮೇಷ್ಟ್ರಿಗೆ. ಅರ್ಜಿ, ಪತ್ರ, ಪೋಷಕರ ಜಗಳ ನನಗೆ. ವಾರವಾರವೂ ಬರೆಯಬೇಕಾದ ಪಾಠದ ನೋಟ್ಸು, ಅಂದರೆ ಯಾವ ಪಾಠವನ್ನು ಯಾವ ಸಾಮಾನು ಇಟ್ಟುಕೊಂಡು ಹೇಗೆ ಮಾಡುತ್ತೇವೆ ಅನ್ನುವ ಪುಸ್ತಕ, ಅದು ಅಕ್ಷರ ಚೆನ್ನಾಗಿದ್ದ ಹೊಲಿಗೆ ಟೀಚರಿಗೆ. ಎಲ್ಲದರ ಕೆಳಗೂ ಓದದೆ ಸಹಿ ಹಾಕುವುದು ಹೆಡ್ ಮೇಡಂಗೆ. ಕಾನೂನಿನ ಪ್ರಕಾರ ಇದು ತಪ್ಪೇ. ಆದರೆ ಎಲ್ಲರೂ ಕತ್ತಲಾಗುವ ಮೊದಲು ಮನೆ ಸೇರತೊಡಗಿದೆವು.

ಅಷ್ಟರಲ್ಲಿ ಜನಗಣತಿ ಬಂತು. ಬಸವನಗುಡಿಯ ಎರಡು ರಸ್ತೆ ನನ್ನ ಪಾಲಿಗೆ. ಸ್ಕೂಲಿಗೆ ಮುಂಚೆ ಅರ್ಧ, ಸ್ಕೂಲಾದ ಮೇಲೆ ಅರ್ಧ. ರಜದ ದಿನ ಪೂರ್ತಿ.

ಶುರು ಮಾಡಿದ ಭಾನುವಾರ ಮೊದಲನೇ ಮನೆಯಲ್ಲೇ ಅಜ್ಜಿಯೊಬ್ಬರು ನನ್ನನ್ನು ಜಗಲಿಯ ಮೇಲೆ ಕೂರಿಸಿ, "ಮೊದ್ಲು ಕಾಫಿ ಕುಡಿ, ಆಮೇಲೆ ಸರ್ಕಾರ" ಅಂದರು. ಕುಡಿದೆ. ಪುಸ್ತಕ ತೆಗೆದು, "ಮನೇಲಿ ಎಷ್ಟು ಜನ ಇದೀರಾ ಅಜ್ಜಿ?" ಅಂದೆ.

"ಇರ್ಲಿ, ನಿಮ್ಮನೇಲಿ ಎಷ್ಟು ಜನ?"

"ನಾನು, ನಮ್ಮಮ್ಮ."

"ಮದ್ವೆ?"

"ಆಗಿಲ್ಲ. ಅಜ್ಜಿ, ನಿಮ್ಮ ಯಜಮಾನರ ವಯಸ್ಸು..."

"ಅವ್ರ ವಯಸ್ಸು ಕಟ್ಕೊಂಡು ಏನಮ್ಮ, ನಿಂದು ಹೇಳು. ಯಾಕಾಗಿಲ್ಲ? ಜಾತಕ ಇದ್ಯಾ? ಎಡಗಣ್ಣು ಯಾಕೆ ಚಿಕ್ಕದು ಮಾಡ್ತೀಯ, ದೃಷ್ಟಿ ಸರಿ ಇದ್ಯಾ?"

ಒಳಗಿಂದ ಸೊಸೆ ಬಂದಳು. ಪಕ್ಕದ ಮನೆಯಾಕೆ ಕಾಂಪೌಂಡ್ ಮೇಲಿಂದ ಬಗ್ಗಿದಳು. ನನಗೆ ಸಂಬಳ ಎಷ್ಟು, ಮನೆ ಬಾಡಿಗೆಯದೋ ಸ್ವಂತದ್ದೋ, ಅಪ್ಪ ಹೇಗೆ ಹೋದರು, ಎಲ್ಲ ವಿಚಾರಣೆಯಾಯಿತು. ಎರಡನೇ ಮನೆಗೆ ಹೋಗುವಷ್ಟರಲ್ಲಿ ನನ್ನ ವಿವರಗಳು ನನಗಿಂತ ಮುಂಚೆ ಹೋಗಿ ಕೂತಿದ್ದವು. ಬೇಡ ಅಂದರೆ ಬೇಸರ ಮಾಡಿಕೊಳ್ಳುತ್ತಾರೆ ಅಂತ ಎಲ್ಲ ಮನೆಯಲ್ಲೂ ಕಾಫಿ ಕುಡಿದೆ. ಮಧ್ಯಾಹ್ನದ ಹೊತ್ತಿಗೆ ಹದಿಮೂರು ಲೋಟ. ಕೈ ನಡುಗಿ, ನಾನು ಬರೆದ ವಯಸ್ಸುಗಳನ್ನು ನಾನೇ ಓದಲಾಗಲಿಲ್ಲ.

ಸೋಮವಾರ ಸ್ಟಾಫ್ ರೂಮಿನಲ್ಲಿ ಇದನ್ನೆಲ್ಲ ಹೇಳಿಕೊಂಡು, "ಎರಡು ರಸ್ತೆಗೆ ನನ್ನ ಜಾತಕ ಗೊತ್ತಾಯ್ತು, ನನಗೆ ಆ ಅಜ್ಜಿ ಮನೇಲಿ ಎಷ್ಟು ಜನ ಇದಾರೆ ಅಂತ ಇನ್ನೂ ಗೊತ್ತಿಲ್ಲ" ಅಂತ ತಲೆ ಚಚ್ಚಿಕೊಂಡೆ.

ಹೊಲಿಗೆ ಟೀಚರ್ ನಿಧಾನವಾಗಿ, "ಒಂಬತ್ತು ಜನ. ಆ ಸೊಸೆ ನಮ್ಮ ಚಿಕ್ಕಮ್ಮನ ಮಗಳು. ನೆನ್ನೆ ಸಂಜೇನೇ ಬಂದು ನಿಮ್ಮ ಬಗ್ಗೆ ವಿಚಾರಿಸ್ಕೊಂಡು ಹೋದ್ಳು" ಅಂದರು.

ನಾಲ್ಕನೇ ಒಂದು ಭಾಗ

ಜನಗಣತಿ ಮುಗಿದ ವಾರವೇ ಇನ್‌ಸ್ಪೆಕ್ಟರ್ ಬಂದರು. ಬಿಳಿ ಪಂಚೆ, ಕೋಟು, ಹೆಗಲ ಮೇಲೆ ಜರಿಯಂಚಿನ ಹೊಸ ಶಲ್ಯ. ನಗದ ಮುಖ. ನೇರವಾಗಿ ನನ್ನ ನಾಲ್ಕನೇ ಕ್ಲಾಸಿಗೇ ಬಂದು ಕೂತು ನೋಟ್ಸ್ ಪುಸ್ತಕ ಕೇಳಿದರು.

ಕೊಟ್ಟೆ. ಆ ವಾರದ ಪುಟವನ್ನು ನಾನು ನೋಡಿಯೇ ಇರಲಿಲ್ಲ. ಜನಗಣತಿಯಲ್ಲಿ ಸುಸ್ತಾಗಿ, ಎಲ್ಲವನ್ನೂ ಹೊಲಿಗೆ ಟೀಚರ್ ಮೇಲೆ ಬಿಟ್ಟಿದ್ದೆ. ಅವರು ನನ್ನ ಪುಸ್ತಕವನ್ನೂ ತಮ್ಮದನ್ನೂ ಒಟ್ಟಿಗೆ ತೆರೆದಿಟ್ಟುಕೊಂಡು, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಬರೆದಿದ್ದರು.

ಇನ್‌ಸ್ಪೆಕ್ಟರ್ ಕನ್ನಡಕ ಏರಿಸಿ ಓದಿದರು. "ಪಾಠ: ಭಿನ್ನರಾಶಿ. ಉಪಕರಣಗಳು: ಒಂದು ಬಟ್ಟೆ, ಕತ್ತರಿ, ಸೂಜಿ, ದಾರ. ವಿಧಾನ: ಬಟ್ಟೆಯನ್ನು ಮಡಚಿ, ಗೆರೆ ಬಿದ್ದಲ್ಲಿ ಕತ್ತರಿಸಿ, ಅಂಚು ಹೊಲಿಯುವುದು. ಪರೀಕ್ಷೆ: ಕರವಸ್ತ್ರ ಚೌಕವಾಗಿದೆಯೇ?" ತಲೆಯೆತ್ತಿ ನನ್ನನ್ನು ನೋಡಿದರು. "ಏನಮ್ಮಾ ಇದು?"

ತಪ್ಪಾಗಿದೆ ಸಾರ್ ಅಂದರೆ, ಬರೆದವರು ಯಾರು ಅನ್ನುತ್ತಾರೆ. ನಾಲ್ಕೂ ಜನರ ಏರ್ಪಾಡು ಹೊರಗೆ ಬರುತ್ತದೆ. ನನ್ನ ಕೆಲಸ ಹೋಗುವುದು ಇರಲಿ, ಹೊಲಿಗೆ ಟೀಚರಿಗೂ ಮೆಮೋ. ಹಾಗಾಗಿ ತಪ್ಪಾಗಿದೆ ಅನ್ನಲಿಲ್ಲ.

"ಅದೇ ಸಾರ್ ನನ್ನ ವಿಧಾನ" ಅಂದೆ.

"ಬಟ್ಟೇಲಿ ಭಿನ್ನರಾಶಿ?"

"ಹೌದು ಸಾರ್. ಮಕ್ಕಳಿಗೆ ಕಣ್ಣಿಗೆ ಕಂಡ್ರೆ ತಲೆಗೆ ಹೋಗುತ್ತೆ."

"ಸರಿ, ಮಾಡಿ. ಉಪಕರಣ ಎಲ್ಲಿ?"

ನಮ್ಮ ಕ್ಲಾಸಿಗೂ ಹೊಲಿಗೆ ಕ್ಲಾಸಿಗೂ ನಡುವೆ ಇದ್ದದ್ದು ತಲೆಯೆತ್ತರದ ಒಂದು ಮರದ ಪರದೆ. ಅದರ ಮೇಲಿಂದ ಒಂದು ಬಳೆಗೈ ಬಂತು. ಕೈಯಲ್ಲಿ ದೊಡ್ಡ ಕತ್ತರಿ. ನಾನು ಏನೂ ಆಗಿಲ್ಲದವಳ ಹಾಗೆ ಹೋಗಿ ತೆಗೆದುಕೊಂಡು ಮೇಜಿನ ಮೇಲಿಟ್ಟೆ. ಕೈ ಮಾಯವಾಯಿತು.

"ಬಟ್ಟೆ?" ಅಂದರು ಇನ್‌ಸ್ಪೆಕ್ಟರ್. ಪರದೆಯ ಆಚೆ ಬಟ್ಟೆ ಪೆಟ್ಟಿಗೆಯ ಬೀಗ ಎಳೆದಾಡುವ ಸದ್ದು ಕೇಳಿತು. ಬೀಗ ತೆರೆಯಲಿಲ್ಲ. ಇನ್‌ಸ್ಪೆಕ್ಟರಿಗೆ ಬೇಸರವಾಯಿತೋ ಏನೋ, "ತಗೊಳ್ಳಿ, ಇದನ್ನೇ ಮಡಚಿ ತೋರ್ಸಿ" ಅಂತ ತಮ್ಮ ಶಲ್ಯವನ್ನೇ ಕೊಟ್ಟರು.

ಮಡಚಿದೆ. ಎರಡು ಪಾಲು, ಅರ್ಧ. ಇನ್ನೊಂದು ಸಲ ಮಡಚಿದೆ. ನಾಲ್ಕು ಪಾಲು, ನಾಲ್ಕನೇ ಒಂದು. ಬಿಚ್ಚಿ ಗೆರೆ ತೋರಿಸಿದೆ. ಅರ್ಧದಲ್ಲಿ ನಾಲ್ಕನೇ ಒಂದು ಎಷ್ಟಿದೆ? ಎರಡು ಮಿಸ್! ಆ ಮಕ್ಕಳು ಭಿನ್ನರಾಶಿಗೆ ಅಷ್ಟು ಚುರುಕಾಗಿ ಉತ್ತರ ಕೊಟ್ಟದ್ದನ್ನು ನಾನೂ ಮೊದಲ ಸಲ ನೋಡಿದ್ದು. ಇನ್‌ಸ್ಪೆಕ್ಟರ್ ಮುಖದಲ್ಲಿ ನಗು ಮೂಡಿತು. ತಾವೇ ಎದ್ದು ನಿಂತು, ಮುಂದಿನ ಸಾಲಿನ ಹುಡುಗಿಯನ್ನು ಕರೆದು, ಶಲ್ಯವನ್ನು ಅವಳ ಕೈಗಿತ್ತು, "ಎಲ್ಲಿ ಮರಿ, ಇದರಲ್ಲಿ ನಾಲ್ಕನೇ ಒಂದು ಭಾಗ ನಂಗೆ ಕೊಡು ನೋಡೋಣ" ಅಂದರು.

ಅವಳು ಟೈಲರ್ ಮಗಳು. ಮೇಜಿನ ಮೇಲಿದ್ದ ಕತ್ತರಿ ತೆಗೆದುಕೊಂಡು, ಗೆರೆಯ ಮೇಲೆ ಒಂದೇ ಎಳೆತಕ್ಕೆ, ಜರಿಯಂಚೂ ಸೇರಿ, ಕರ್ರ್ ಅಂತ ಕತ್ತರಿಸಿ ಕೊಟ್ಟಳು.

ಪರದೆಯ ಆಚೆ ಯಾರೋ "ಅಯ್ಯೋ ರಾಮಾ" ಅಂದರು. ಇನ್‌ಸ್ಪೆಕ್ಟರ್ ಕೈಯಲ್ಲಿ ತುಂಡು ಹಿಡಿದು ನಿಂತಿದ್ದಾರೆ. ಹುಡುಗಿ ಅಳುಮುಖ ಮಾಡಿ, "ಕೊಡು ಅಂದ್ರಿ ಸಾರ್" ಅಂದಳು.

ಹೋದ ಕೆಲಸ ಹೋಯಿತು, ಪಾಠವನ್ನಾದರೂ ಮುಗಿಸೋಣ ಅನ್ನಿಸಿತು ನನಗೆ. "ಮಕ್ಕಳೇ, ಈಗ ಸಾಹೇಬರ ಹತ್ರ ಎಷ್ಟಿದೆ?"

"ನಾಲ್ಕನೇ ಒಂದು!"

"ಎಷ್ಟು ಕಡಿಮೆ ಆಯ್ತು?"

"ನಾಲ್ಕನೇ ಮೂರೂ!" ಇಡೀ ಬೀದಿಗೆ ಕೇಳುವ ಹಾಗೆ ಕೂಗಿದವು.

ಮಧ್ಯಾಹ್ನದ ಬಿಡುವಿನಲ್ಲಿ ಹೊಲಿಗೆ ಟೀಚರ್ ಆ ಶಲ್ಯವನ್ನು ಕೂಡಿಸಿ ಹೊಲಿದುಕೊಟ್ಟರು. ಹೆಡ್ ಮೇಡಂ ಇನ್‌ಸ್ಪೆಕ್ಟರಿಗೆ ಮೂರು ಸಲ ಕಾಫಿ ಕೊಟ್ಟರು, ಮೂರು ಸಲವೂ ನನ್ನ ಬಗ್ಗೆ ಒಳ್ಳೆಯ ಮಾತಾಡಿದರಂತೆ. ಇನ್‌ಸ್ಪೆಕ್ಟರ್ ಹೋದ ಮೇಲೆ ನಾಲ್ಕೂ ಜನ ತಲೆಗೆ ತಲೆ ತಾಗಿಸಿ ವರದಿ ಓದಿದೆವು.

"ಬಟ್ಟೆಯ ಮೂಲಕ ಭಿನ್ನರಾಶಿ ಕಲಿಸುವ ವಿಧಾನ ಅತ್ಯುತ್ತಮವಾಗಿದೆ. ಶಿಕ್ಷಕಿಯನ್ನು ಕಾಯಂ ಮಾಡಬಹುದು. ಇದೇ ವಿಧಾನವನ್ನು ಸುತ್ತಲಿನ ಎಲ್ಲ ಶಾಲೆಗಳಿಗೂ ಇವರೇ ಪ್ರತಿ ಶನಿವಾರ ಮಧ್ಯಾಹ್ನ ಹೋಗಿ ಕಲಿಸತಕ್ಕದ್ದು. ಬಟ್ಟೆ ಶಿಕ್ಷಕಿಯದೇ ಆಗಿರತಕ್ಕದ್ದು."

ಈಗ ತ್ಯಾಗರಾಜನಗರದಲ್ಲಿ ನನ್ನದೇ ಎರಡು ಕೋಣೆಯ ಮನೆಯಿದೆ. ಕೊನೆಯ ಪುಟ ಇರುವ ಪುಸ್ತಕಗಳೇ ತುಂಬಿದ ಒಂದು ಬೀರು ಇದೆ. ತಿಂಗಳು ತಿಂಗಳೂ ಪಿಂಚಣಿ ಬರುತ್ತದೆ. ಇದಕ್ಕೆಲ್ಲ ನಾನು ತೆತ್ತದ್ದು ಹನ್ನೊಂದು ವರ್ಷದ ಶನಿವಾರಗಳು, ರಿಜಿಸ್ಟರುಗಳಿಗೆ ಸವೆದ ಒಂದು ಜೊತೆ ಒಳ್ಳೆಯ ಕಣ್ಣು, ಮತ್ತು ಒಂದು ಜರಿಯಂಚಿನ ಶಲ್ಯ. ಅದರಲ್ಲಿ ಶಲ್ಯ ಮಾತ್ರ ನನ್ನದಲ್ಲ.