ಅಭ್ಯರ್ಥಿ ಸಂಖ್ಯೆ ನೂರಾ ಎರಡು

"ಮೂವತ್ತನಾಲ್ಕು ವರ್ಷದಲ್ಲಿ ನನ್ನ ಕೈಯಿಂದ ತಪ್ಪಿಸಿಕೊಂಡ ದಡ್ಡನೂ ಇಲ್ಲ, ಅನ್ಯಾಯಕ್ಕೊಳಗಾದ ಬುದ್ಧಿವಂತನೂ ಇಲ್ಲ. ಯಃಕಶ್ಚಿತ್ ಮೂರು ಟ್ಯಾಬ್ಲೆಟ್ ಏನು ಮಹಾ? ಶುಕ್ರವಾರ ಸಂಜೆ ಫಲಿತಾಂಶ ನಿನ್ನ ಕೈಲಿರುತ್ತೆ ನೋಡು," ಎಂದು ಪರೀಕ್ಷಕರು ಸೋಮವಾರ ಬೆಳಿಗ್ಗೆ ಹೆಂಡತಿಗೆ ಸಾರಿ ಹೇಳಿದರು.

ಉತ್ತರ ಪತ್ರಿಕೆಗಳ ಮೌಲ್ಯಮಾಪನ ಕೇಂದ್ರದ ಮುಖ್ಯಸ್ಥರಾಗಿದ್ದು ನಿವೃತ್ತರಾಗಿ ಆರು ವರ್ಷ ಕಳೆದಿದ್ದರೂ ಬೀದಿಯವರಿಗೆ ಅವರು ಈಗಲೂ ಪರೀಕ್ಷಕರೇ. ಅವರೂ ಆ ಕುರ್ಚಿಯಿಂದ ಇಳಿದವರಂತೆ ಎಂದೂ ನಡೆದುಕೊಂಡಿರಲಿಲ್ಲ. ಇಸ್ತ್ರಿಯಾಗಿ ಬಂದ ಅಂಗಿಯನ್ನು ಬೆಳಕಿಗೆ ಹಿಡಿದು, "ಹತ್ತಕ್ಕೆ ಆರು," ಎಂದು ಹೇಳಿಯೇ ಕಪಾಟಿಗೆ ಸೇರಿಸುವವರು.

ಟ್ಯಾಬ್ಲೆಟ್ ಕಂಪ್ಯೂಟರ್ ಬೇಕಾಗಿದ್ದದ್ದು ಹೆಂಡತಿಗೆ. ಆಕೆ ಇಪ್ಪತ್ತೆಂಟು ವರ್ಷದಿಂದ ಒಬ್ಬ ಪ್ರಕಾಶಕರ ಪುಸ್ತಕಗಳಿಗೆ ಪ್ರೂಫ್ ನೋಡಿಕೊಡುತ್ತಿದ್ದಳು. ಈಚೆಗೆ ಕಣ್ಣು ಮಂಜಾಗಿ ಒಂದು ಪುಸ್ತಕದಲ್ಲಿ ಹದಿನೇಳು ತಪ್ಪು ಉಳಿದುಹೋದವು. ಪ್ರಕಾಶಕರು ಬೈಯಲಿಲ್ಲ. "ಇನ್ನು ವಿಶ್ರಾಂತಿ ತಗೊಳ್ಳಿ ಮೇಡಂ," ಎಂದರು. ಬೈದಿದ್ದರೆ ಆಕೆ ಸಹಿಸುತ್ತಿದ್ದಳು. ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಿಕೊಂಡು, ಕಣ್ಣಿನ ಹತ್ತಿರ ಹಿಡಿದು, ಪರದೆಯ ಮೇಲೇ ತಿದ್ದುವಂಥ ಸಾಧನ ಕೊಳ್ಳಿ ಎಂದು ಕಣ್ಣಿನ ವೈದ್ಯೆ ದಾರಿ ತೋರಿಸಿದ್ದರು. ಅದನ್ನೇ ಹಿಡಿದುಕೊಂಡು ಆಕೆ ಪ್ರಕಾಶಕರಿಂದ ಒಂದು ಅವಕಾಶ ಕೇಳಿ ಪಡೆದಳು. ಜೇನು ಸಾಕಣೆಯ ಕೈಪಿಡಿಯ ನಲವತ್ತು ಪುಟ. ಶನಿವಾರ ಸಂಜೆ ಐದರೊಳಗೆ ತಪ್ಪಿಲ್ಲದೆ ತಲುಪಿದರೆ ಕೆಲಸ ಉಳಿಯುತ್ತದೆ. ಇಲ್ಲದಿದ್ದರೆ ವಿಶ್ರಾಂತಿ.

ಅಂಗಡಿಯಾಕೆ ಪರಿಚಯದವಳು. ಮೂರು ಕಂಪನಿಗಳ ಮೂರು ಟ್ಯಾಬ್ಲೆಟ್ ಕೊಟ್ಟು, "ಶನಿವಾರದ ತನಕ ಬಳಸಿ ನೋಡಿ ಸಾರ್. ಒಂದು ಇಟ್ಕೊಳ್ಳಿ, ಎರಡು ವಾಪಸ್ ಕೊಡಿ. ಕೊಡುವಾಗ ನಿಮ್ಮದೇನಿದ್ದರೂ ಅಳಿಸಿಬಿಡಿ," ಎಂದಿದ್ದಳು.

ಬಳಸಿ ನೋಡುವುದು ಸಾಮಾನ್ಯರ ಪದ್ಧತಿ. ಪರೀಕ್ಷಕರು ಮೊದಲು ಮೂರಕ್ಕೂ ಕಂದು ಕಾಗದದ ಹೊದಿಕೆ ಹಾಕಿ ಕಂಪನಿಯ ಗುರುತನ್ನು ಮುಚ್ಚಿದರು. ಬೆನ್ನಿನ ಮೇಲೆ ನೂರಾ ಒಂದು, ನೂರಾ ಎರಡು, ನೂರಾ ಮೂರು ಎಂದು ಸಂಖ್ಯೆ ಬರೆದರು. ಯಾವ ಸಂಖ್ಯೆ ಯಾವ ಕಂಪನಿಯದು ಎಂಬುದನ್ನು ಚೀಟಿಯಲ್ಲಿ ಬರೆದು, ಲಕೋಟೆಯಲ್ಲಿಟ್ಟು, ಅರಗಿನ ಮುದ್ರೆ ಒತ್ತಿದರು.

"ಇದೆಲ್ಲ ಯಾಕ್ರೀ?"

"ಹೆಸರು ನೋಡಿ ಅಂಕ ಹಾಕೋ ಚಾಳಿ ಈ ಕೈಗಿಲ್ಲ."

"ಹೆಸರು ನೋಡಿದ್ರೆ ಏನಾಯ್ತು? ಅವುಗಳಲ್ಲಿ ಒಂದು ನಿಮ್ಮ ಸೋದರಳಿಯನೇ?"

ನೂರಾ ಎರಡರ ಪೆಟ್ಟಿಗೆಯಲ್ಲಿ ಪರದೆಯ ಮೇಲೆ ಬರೆಯುವ ತೆಳ್ಳನೆಯ ಪೆನ್ನೊಂದಿತ್ತು. ಉಳಿದೆರಡರಲ್ಲಿ ಇರಲಿಲ್ಲ. "ಪರೀಕ್ಷಾ ಕೊಠಡಿಗೆ ಒಬ್ಬ ಅಭ್ಯರ್ಥಿ ಮಾತ್ರ ಹೆಚ್ಚಿನ ಸಾಮಗ್ರಿ ತರೋ ಹಾಗಿಲ್ಲ," ಎಂದು ಪರೀಕ್ಷಕರು ಅದನ್ನು ಜಪ್ತಿ ಮಾಡಿ ತಮ್ಮ ಮೇಜಿನ ಖಾನೆಗೆ ಹಾಕಿದರು.

"ನನಗೆ ಒಂದನ್ನಾದರೂ ಕೊಡಿ. ಪುಟ ಶುರು ಮಾಡ್ಬೇಕು," ಎಂದಳು ಹೆಂಡತಿ.

"ಪರೀಕ್ಷೆ ನಡೀತಿರುವಾಗ ಅಭ್ಯರ್ಥಿಗಳನ್ನ ಹೊರಗಿನವರು ಮುಟ್ಟೋ ಹಾಗಿಲ್ಲ. ಶುಕ್ರವಾರದ ತನಕ ತಾಳು."

ಆಕೆ ಮತ್ತೆ ಕೇಳಲಿಲ್ಲ. ಆಕೆ ಎರಡನೇ ಸಲ ಕೇಳದಿದ್ದರೆ ಎಚ್ಚರವಾಗಬೇಕು ಎಂಬುದನ್ನು ಮೂವತ್ತೊಂಬತ್ತು ವರ್ಷದ ಸಂಸಾರ ಕಲಿಸಬೇಕಾಗಿತ್ತು. ಪರೀಕ್ಷಕರು ಆ ಪಾಠಕ್ಕೆ ಗೈರುಹಾಜರಾಗಿದ್ದರು.

ಪರೀಕ್ಷೆ ವೈಭವದಿಂದ ನಡೆಯಿತು. ಹನ್ನೆರಡು ಪ್ರಶ್ನೆ, ನೂರು ಅಂಕ. ತೂಕ ನೋಡಲು ಅಡುಗೆಮನೆಯ ತಕ್ಕಡಿ ಬಂತು. ಬಿಸಿಲಿನಲ್ಲಿ ಪರದೆ ಕಾಣುತ್ತದೆಯೇ ಎಂದು ನೋಡಲು ಪರೀಕ್ಷಕರು ಬಟ್ಟೆ ಒಣಗುವ ಹಗ್ಗದ ಕೆಳಗೆ, ಒದ್ದೆ ಲುಂಗಿಯೊಂದು ನೆತ್ತಿಯ ಮೇಲೆ ತೊಟ್ಟಿಕ್ಕುತ್ತಿದ್ದರೂ ಅಲುಗದೆ ಕೂತರು. ಧ್ವನಿಗಾಗಿ ಮೂರರಲ್ಲೂ ಒಟ್ಟಿಗೆ ವಾರ್ತೆ ಹಾಕಿ, ತಾವು ಸ್ನಾನದ ಮನೆಯ ಬಾಗಿಲು ಮುಚ್ಚಿಕೊಂಡು ಆಲಿಸಿದರು. ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ, "ಯಾರಿಗೇನಾಯ್ತು?" ಎಂದು ಕೂಗಿ ಕೇಳಿದಳು. ಬಿದ್ದರೆ ತಾಳುತ್ತವೆಯೇ ಎಂದು ಮಂಚದ ಮೇಲಿಂದ ದಿಂಬಿನ ಮೇಲೆ ಕೆಡವಿದರು. ಮೂರೂ ಪಾಸಾದವು. ದಿಂಬು ಹರಿಯಿತು.

ನೂರಾ ಎರಡು ಮಾತ್ರ ದಿನದಿಂದ ದಿನಕ್ಕೆ ಕೆಡುತ್ತಾ ಬಂತು. ಬೆಳಿಗ್ಗೆ ತುಂಬಿಸಿದ ಬ್ಯಾಟರಿ, ಪರೀಕ್ಷಕರು ಮಧ್ಯಾಹ್ನದ ನಿದ್ದೆ ಮುಗಿಸಿ ಎದ್ದು ನೋಡುವ ಹೊತ್ತಿಗೆ ಅರ್ಧಕ್ಕಿಳಿದಿರುತ್ತಿತ್ತು. ಉಳಿದೆರಡರದು ಇದ್ದಷ್ಟೇ ಇರುತ್ತಿತ್ತು. ಒರೆಸಿಟ್ಟ ಪರದೆಯ ಮೇಲೆ ಬೆರಳಿನ ಗುರುತು. ಬುಧವಾರ ಮುಟ್ಟಿದರೆ ಬೆಚ್ಚಗಿತ್ತು.

"ಏನೇ, ಇದಕ್ಕೆ ಜ್ವರ ಬಂದ ಹಾಗಿದೆ."

"ಓದಿ ಓದಿ ಬಂದಿರಬೇಕು," ಎಂದಳು ಹೆಂಡತಿ, ತಲೆ ಎತ್ತದೆ.

ಪರೀಕ್ಷಕರು ಬ್ಯಾಟರಿಗೆ ಸೊನ್ನೆ ಹಾಕಿ, ಶುಚಿತ್ವಕ್ಕೂ ಸೊನ್ನೆ ಹಾಕಿ, ಜ್ವರಕ್ಕೆಂದು ಐದು ಅಂಕ ಕಳೆದರು. ಶುಕ್ರವಾರ ಸಂಜೆ ಮುದ್ರೆ ಒಡೆದು ಫಲಿತಾಂಶ ಓದಿದರು. ನೂರಾ ಒಂದಕ್ಕೆ ಎಂಬತ್ತೆರಡು, ನೂರಾ ಮೂರಕ್ಕೆ ಎಪ್ಪತ್ತೊಂಬತ್ತು. ನೂರಾ ಎರಡು ಮೂವತ್ತೊಂದಕ್ಕೆ ನಿಂತು ನಪಾಸು.

"ನನಗೆ ಆ ನೂರಾ ಎರಡೇ ಇರಲಿ," ಎಂದಳು ಹೆಂಡತಿ.

"ಫೇಲಾದವನಿಗೆ ಸೀಟು ಕೊಡೋಕಾಗುತ್ತೇನೇ?"

"ನಾಳೆ ಹೇಳ್ತೀನಿ," ಎಂದು ಆಕೆ ಮಲಗಲು ಹೋದಳು. ನಾಲ್ಕು ಮಧ್ಯಾಹ್ನ ಕೂತು, ಖಾನೆಯಿಂದ ಪೆನ್ನು ತೆಗೆದು, ಮತ್ತೆ ಅಲ್ಲೇ ಇಟ್ಟು, ನಲವತ್ತನೇ ಪುಟವನ್ನು ಆಕೆ ಅಂದೇ ಮುಗಿಸಿದ್ದಳು. ಬೆಳಿಗ್ಗೆ ಕಣ್ಣಿನ ವೈದ್ಯೆಯನ್ನು ಕಂಡು ಬಂದು, ಇನ್ನೊಮ್ಮೆ ಕಣ್ಣಾಡಿಸಿ ಕಳಿಸುವುದೆಂದು ಲೆಕ್ಕ ಹಾಕಿದ್ದಳು.

ಬೆಳಿಗ್ಗೆ ಆಕೆ ಅತ್ತ ಹೋದಳು. ಇತ್ತ ಪರೀಕ್ಷಕರು ಸೋತ ಇಬ್ಬರನ್ನು ಬೀಳ್ಕೊಡಲು ಕೂತರು. ಎಲ್ಲವನ್ನೂ ಅಳಿಸಲೇ ಎಂದು ನೂರಾ ಎರಡು ಕೇಳಿತು. ಅಳಿಸು ಎಂದರು. ಖಚಿತವೇ ಎಂದು ಮತ್ತೆ ಕೇಳಿತು. ಪರೀಕ್ಷಕರಿಗೆ ಖಚಿತವಲ್ಲದ ವಿಷಯ ಈ ಭೂಮಿಯ ಮೇಲೆ ಯಾವುದಿತ್ತು? ಜಪ್ತಿಯಾಗಿದ್ದ ಪೆನ್ನನ್ನು ಪ್ರಾಮಾಣಿಕವಾಗಿ ಪೆಟ್ಟಿಗೆಗೆ ಸೇರಿಸಿ, ಎರಡನ್ನೂ ಅಂಗಡಿಗೆ ಒಪ್ಪಿಸಿ ಬಂದರು.

ಹನ್ನೆರಡೂವರೆಗೆ ಹೆಂಡತಿ ಬಂದು ಮೇಜು ನೋಡಿದಳು.

"ನೂರಾ ಎರಡೆಲ್ಲಿ?"

"ಕೊಟ್ಟು ಬಂದೆ."

"ಒಳಗಿದ್ದದ್ದು?"

"ಒಂದಕ್ಷರ ಬಿಡದೆ ಅಳಿಸಿದೆ. ನಮ್ಮ ಕೆಲಸ ಅಂದ್ರೆ ಹಾಗೇ."

"ನನ್ನ ನಲವತ್ತು ಪುಟ ಅದರಲ್ಲಿತ್ತು."

ಬ್ಯಾಟರಿ, ಬೆರಳಿನ ಗುರುತು, ಜ್ವರ ಎಲ್ಲವೂ ಒಂದೊಂದಾಗಿ ಬಂದು ಪರೀಕ್ಷಕರ ಮುಂದೆ ಸಾಲಾಗಿ ನಿಂತವು. "ನೂರಾ ಒಂದಿದೆಯಲ್ಲ," ಎಂದು ಹೇಗೋ ಉಸುರಿದರು.

ಹೆಂಡತಿ ಅದರಲ್ಲಿ ಪುಟ ತೆರೆದು ಬೆರಳಿನಿಂದ ಒಂದು ಅಲ್ಪವಿರಾಮ ಹಾಕಿ ತೋರಿಸಿದಳು. ಮೂರು ಸಾಲು ಮುಚ್ಚಿಹೋಯಿತು.

"ನಿಮ್ಮ ಹನ್ನೆರಡು ಪ್ರಶ್ನೆಯಲ್ಲಿ, ಇದರ ಮೇಲೆ ಬರೆಯೋಕೆ ಬರುತ್ತಾ ಅನ್ನೋದು ಎಷ್ಟನೇದು?"

"ಅದು ಪ್ರಶ್ನೆಪತ್ರಿಕೇಲಿ ಇರಲಿಲ್ಲ."

"ಪಠ್ಯದಲ್ಲಿ ಇದ್ದದ್ದು ಅದೊಂದೇ. ಚಪ್ಪಲಿ ಹಾಕ್ಕೊಳ್ಳಿ."

ಅಂಗಡಿಗೆ ಹೋದರೆ ನೂರಾ ಎರಡು ಆಗಲೇ ಮುಂದಿನ ಮೇಜೇರಿತ್ತು. ಗಿರಾಕಿಗಳು ಮುಟ್ಟಿ ನೋಡಲೆಂದು ಉಕ್ಕಿನ ತಂತಿಯಿಂದ ಅದನ್ನು ಮೇಜಿಗೆ ಬಿಗಿದಿದ್ದರು. "ಕೀಲಿ ನಮ್ಮ ಮೆಕ್ಯಾನಿಕ್ ಹತ್ರ ಇದೆ, ಅವರು ಬರೋದು ಆರಕ್ಕೆ," ಎಂದಳು ಅಂಗಡಿಯಾಕೆ. "ಆ ಮಾದರಿಯಲ್ಲಿ ಬೇರೆಯದೂ ಇಲ್ಲವಲ್ಲ ಅಮ್ಮ."

"ಬಿಚ್ಚೋದು ಬೇಡ. ಒಂದು ಸ್ಟೂಲ್ ಕೊಡಿ."

ಗಂಟೆ ಒಂದೂಕಾಲು. ಹೆಂಡತಿ ತನ್ನ ಇ-ಮೇಲಿನಿಂದ ಪುಟಗಳನ್ನು ಇಳಿಸಿಕೊಂಡಳು. ಚೀಲದಿಂದ ಲೇಖಕರ ಹಸ್ತಪ್ರತಿ ತೆಗೆದು ಪರೀಕ್ಷಕರ ಕೈಗಿಟ್ಟಳು. "ನಾನು ಎರಡನ್ನೂ ನೋಡ್ತಾ ಕೂತರೆ ಸೋಮವಾರ ಆಗುತ್ತೆ. ನೀವು ಅದನ್ನ ಗಟ್ಟಿಯಾಗಿ ಓದಿ, ನಾನು ಇದನ್ನ ತಿದ್ತೀನಿ. ಚಿಹ್ನೆ ಸಮೇತ ಓದಬೇಕು."

"ಇಲ್ಲೇ? ಎಲ್ಲರ ಎದುರಿಗೆ?"

ಆಕೆ ಆಗಲೇ ಪೆನ್ನು ಕೈಗೆತ್ತಿಕೊಂಡಿದ್ದಳು. ಪರೀಕ್ಷಕರು ಗಂಟಲು ಸರಿಮಾಡಿಕೊಂಡರು. "ಗೂಡು ತೆರೆಯುವ ಮುನ್ನ ಅಲ್ಪವಿರಾಮ ಹೊಗೆಯನ್ನು ನಿಧಾನವಾಗಿ ಊದಬೇಕು ಪೂರ್ಣವಿರಾಮ. ಹುಳುಗಳನ್ನು ಗಾಬರಿಪಡಿಸಬಾರದು."

"ಗಾಬರಿಪಡಿಸಬಾರದು ಆದಮೇಲೆ?"

"ಪೂರ್ಣವಿರಾಮ."

"ನುಂಗಬೇಡಿ."

ಹತ್ತು ಪುಟವಾಗುವಷ್ಟರಲ್ಲಿ ಏಳೆಂಟು ಗಿರಾಕಿಗಳು ನೆರೆದರು. ಹದಿನೈದನೇ ಪುಟದಲ್ಲಿ ರಾಣಿ ಹುಳು ಕಾಣೆಯಾದಾಗ ಯಾರೂ ಅಲ್ಲಾಡಲಿಲ್ಲ. ಇಸ್ತ್ರಿಪೆಟ್ಟಿಗೆ ಕೊಳ್ಳಲು ಬಂದಿದ್ದವನೊಬ್ಬ, "ಸ್ವಲ್ಪ ಜೋರಾಗಿ ಸಾರ್, ಹಿಂದಕ್ಕೆ ಕೇಳಿಸ್ತಿಲ್ಲ," ಎಂದ. ಪರೀಕ್ಷಕರ ಧ್ವನಿ ಏರಿತು. ಹೆಂಡತಿಯ ಪೆನ್ನು ಹಿಂದೆ ಬೀಳಲಿಲ್ಲ. ಒಮ್ಮೆ ಹಿಡಿದ ತಪ್ಪುಗಳೆಲ್ಲ ಆಕೆಗೆ ಗುರುತಿನ ಮುಖಗಳು. ಅವು ತಲೆ ಎತ್ತುವ ಮೊದಲೇ ಆಕೆ ಕಾದಿರುತ್ತಿದ್ದಳು. ಹೊಸ ಎರಡು ತಪ್ಪು ಕೂಡ ಸಿಕ್ಕಿದವು, ಕಿವಿಗೆ ಬಿದ್ದದ್ದರಿಂದ.

ನಾಲ್ಕು ಗಂಟೆ ಐವತ್ತಕ್ಕೆ ಪುಟಗಳು ಹೋದವು. ಪರೀಕ್ಷಕರ ಗಂಟಲು ಕಟ್ಟಿತ್ತು. ನೂರಾ ಎರಡು ಯಾವ ಕಂಪನಿಯದೆಂದು ನಾಲ್ವರು ಅಂಗಡಿಯಾಕೆಯನ್ನು ವಿಚಾರಿಸುತ್ತಿದ್ದರು.

ಐದೂವರೆಗೆ ಫೋನು ಬಂತು. ಪ್ರಕಾಶಕರ ಧ್ವನಿ ಪಕ್ಕದಲ್ಲಿದ್ದವರಿಗೂ ಕೇಳಿಸುವಂಥದ್ದು.

"ನೋಡಿದೆ ಮೇಡಂ. ಲೇಖಕರೇ ಮಾಡಿದ್ದ ತಪ್ಪನ್ನೂ ಹಿಡಿದಿದ್ದೀರಿ. ವಿಶ್ರಾಂತಿ ಅಂತ ನಾನು ಹೇಳಿದ್ದನ್ನ ಮರೆತುಬಿಡಿ. ಸೋಮವಾರ ಮುನ್ನೂರು ಪುಟದ್ದು ಕಳಿಸ್ತೀನಿ. ಆದರೆ ಅಷ್ಟು ದೊಡ್ಡದು ಒಬ್ಬರ ಕೈಲಾಗುತ್ತಾ? ಓದಿ ಹೇಳೋಕೆ ಯಾರಾದರೂ ಇದ್ದಾರಾ?"

ಹೆಂಡತಿ ಪರೀಕ್ಷಕರ ಕಡೆ ನೋಡಿದಳು. ಅವರು ಅಂಗಿಯ ಕಾಲರು ಸರಿಪಡಿಸಿಕೊಂಡು ನೆಟ್ಟಗೆ ನಿಂತರು.

"ಒಬ್ಬರಿದ್ದಾರೆ," ಎಂದಳು. "ಹೊಸಬರು, ಏನೂ ಅನುಭವ ಇಲ್ಲ. ಮೂರು ತಿಂಗಳು ಇಟ್ಕೊಂಡು ನೋಡ್ತೀನಿ."